ಮದುವೆಗೆ ಮೊದಲು ಮೊಡವೆಯ ತಗ್ಗುಗಳಿಗೆ ಲೇಸರ್ ಮಾಡಿಸಬಹುದೇ?

ನವನಗರದ ಶಿಕ್ಷಕಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ನವನಗರದಲ್ಲಿ ವಾಸವಾಗಿದ್ದು, ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಕಾಲೇಜಿನ ದಿನಗಳಲ್ಲಿ ಎದ್ದ ದೊಡ್ಡ ಮೊಡವೆಗಳು ಮಾಯ್ದ ಮೇಲೆ ಎರಡೂ ಕೆನ್ನೆಗಳಲ್ಲಿ ತಗ್ಗುಗಳು ಉಳಿದುಕೊಂಡಿವೆ. ಅವುಗಳ ನಡುವೆ ಕಂದು ಕಲೆಗಳೂ ಇವೆ, ಈಗಲೂ ಆಗಾಗ ಒಂದೆರಡು ಮೊಡವೆಗಳು ಏಳುತ್ತವೆ. ನನ್ನದು ಸಾದಗಪ್ಪು ಬಣ್ಣ. ದಿನವೂ ಸ್ಕೂಟರಿನಲ್ಲಿ ಶಾಲೆಗೆ ಹೋಗಿ ಬರುವುದರಿಂದ ಬಿಸಿಲು ತಪ್ಪುವುದಿಲ್ಲ.

ಈಗ ಶ್ರಾವಣ ನಡೆದಿದೆ, ಮಾರ್ಗಶಿರದಲ್ಲಿ ನನ್ನ ಮದುವೆ ಗೊತ್ತಾಗಿದೆ. ಒಂದು ಸೌಂದರ್ಯ ಚಿಕಿತ್ಸಾ ಕೇಂದ್ರದಲ್ಲಿ ವಿಚಾರಿಸಿದಾಗ, ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ಆರು ವಾರಗಳ ಅಂತರದಲ್ಲಿ ಮೂರು ಸಲ ಮಾಡಿದರೆ ಮದುವೆಯ ಹೊತ್ತಿಗೆ ಮುಖ ಸಪಾಟಾಗುತ್ತದೆ, ಬಣ್ಣವೂ ತಿಳಿಯಾಗುತ್ತದೆ ಎಂದರು. ಮುಂಗಡ ಕಟ್ಟಿದರೆ ರಿಯಾಯಿತಿ ಕೊಡುವುದಾಗಿಯೂ ಹೇಳಿದ್ದಾರೆ. ಚರ್ಮವನ್ನು ಸುಡುವ ಚಿಕಿತ್ಸೆಯಿಂದ ಚರ್ಮ ಹೇಗೆ ಸುಧಾರಿಸುತ್ತದೆ ಎಂಬುದು ನನಗೆ ಅರ್ಥವಾಗಿಲ್ಲ. ನಮ್ಮಂಥ ಬಣ್ಣದವರಿಗೆ ಇದು ಸುರಕ್ಷಿತವೇ, ಇಷ್ಟು ಕಡಿಮೆ ಅವಧಿಯಲ್ಲಿ ಮಾಡಿಸುವುದು ಸರಿಯೇ ಎಂಬುದನ್ನು ತಿಳಿದವರು ವಿವರವಾಗಿ ಹೇಳಬೇಕೆಂದು ವಿನಂತಿ.

ಚರ್ಮವೈದ್ಯೆ, ವಿಜಯಪುರ

ಟೀಚರ್ ಅವರೇ, ನಾನು ವಿಜಯಪುರದಲ್ಲಿ ಚರ್ಮರೋಗ ತಜ್ಞೆಯಾಗಿದ್ದೇನೆ. ಮುಖವನ್ನು ಕಣ್ಣಾರೆ ನೋಡದೆ ಇಂಥದ್ದೇ ಚಿಕಿತ್ಸೆ ಮಾಡಿಸಿ ಎಂದು ಹೇಳಲಾರೆ. ಆದರೆ ನಿಮಗೆ ಕೊಟ್ಟಿರುವ ವೇಳಾಪಟ್ಟಿಯನ್ನು ಒಪ್ಪಬೇಡಿ ಎಂದು ಮಾತ್ರ ಮೊದಲೇ ಹೇಳುತ್ತೇನೆ. ಅದಕ್ಕೆ ಕಾರಣ ತಿಳಿಯಬೇಕಾದರೆ ಲೇಸರ್ ಏನು ಮಾಡುತ್ತದೆ ಎಂಬುದರಿಂದ ಆರಂಭಿಸಬೇಕು.

ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣದ ತರಂಗಾಂತರ 10,600 ನ್ಯಾನೋಮೀಟರ್. ಈ ಕಿರಣವನ್ನು ಹೀರಿಕೊಳ್ಳುವುದು ಚರ್ಮದ ಬಣ್ಣವಲ್ಲ, ಚರ್ಮದೊಳಗಿನ ನೀರು. ಕಿರಣ ತಾಗಿದೊಡನೆ ಆ ನೀರು ಕುದಿದು ಆವಿಯಾಗುತ್ತದೆ, ಅದರೊಂದಿಗೆ ಆ ಜಾಗದ ಚರ್ಮದ ತೆಳುವಾದ ಭಾಗವೂ ಆವಿಯಾಗಿ ಹೋಗುತ್ತದೆ. ಸುತ್ತಲಿನ ಒಳಚರ್ಮಕ್ಕೆ ತಗುಲಿದ ಕಾವಿನಿಂದ ಚರ್ಮಕ್ಕೆ ಬಿಗುವು ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಹಳೆಯ ನಾರುಗಳು ಕುಗ್ಗುತ್ತವೆ. ದೇಹವು ಇದನ್ನು ಗಾಯವೆಂದೇ ತಿಳಿದು ಮುಂದಿನ ಹಲವು ತಿಂಗಳುಗಳ ಕಾಲ ಹೊಸ ಕೊಲಾಜೆನ್ ಕಟ್ಟುತ್ತಾ ಹೋಗುವುದರಿಂದ ತಗ್ಗು ನಿಧಾನವಾಗಿ ಒಳಗಿನಿಂದ ತುಂಬಿಕೊಳ್ಳುತ್ತದೆ. ಆದ್ದರಿಂದ ಫಲ ಕಾಣುವುದು ಮರುವಾರವಲ್ಲ, ಮೂರರಿಂದ ಆರು ತಿಂಗಳ ನಂತರ. (ಈ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಕುಮಾರ್ ಪಟೇಲ್ ಅವರು ಹುಟ್ಟಿದ್ದು ಬಾರಾಮತಿಯಲ್ಲಿ, ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ನಮ್ಮ ಸೀಮೆಗೆ ಅಷ್ಟೇನೂ ದೂರವಲ್ಲದ ಊರಿನವರು ಎಂದು ಹೇಳಿಕೊಳ್ಳಲು ನನಗೆ ಸಂತೋಷವಾಗುತ್ತದೆ.)

1990ರ ದಶಕದಲ್ಲಿ ಈ ಲೇಸರಿನಿಂದ ಮುಖದ ಮೇಲ್ಪದರವನ್ನು ಪೂರ್ತಿಯಾಗಿ ತೆಗೆಯುತ್ತಿದ್ದರು. ಫಲ ಚೆನ್ನಾಗಿರುತ್ತಿತ್ತಾದರೂ ಮುಖ ಒಂದೆರಡು ವಾರ ಹಸಿಗಾಯದಂತಿರುತ್ತಿತ್ತು, ಕೆಂಪು ತಿಂಗಳುಗಟ್ಟಲೆ ಉಳಿಯುತ್ತಿತ್ತು, ಕೆಲವರಿಗೆ ಚರ್ಮ ಕಾಯಂ ಆಗಿ ಬಿಳಿಚಿಕೊಳ್ಳುತ್ತಿತ್ತು. 2004ರಲ್ಲಿ ಮ್ಯಾನ್‌ಸ್ಟೀನ್ ಮತ್ತು ಆಂಡರ್ಸನ್ ಎಂಬ ತಜ್ಞರು ತಮ್ಮ ಸಂಗಡಿಗರೊಂದಿಗೆ ಪ್ರಕಟಿಸಿದ ಫ್ರಾಕ್ಷನಲ್ ವಿಧಾನದಲ್ಲಿ ಕಿರಣವನ್ನು ಕೂದಲೆಳೆಯಷ್ಟು ಸಣ್ಣ ಚುಕ್ಕೆಗಳಾಗಿ ಒಡೆದು ಬಿಡಲಾಗುತ್ತದೆ. ಹೊಲದಲ್ಲಿ ಬೀಜವನ್ನು ಅಂತರ ಬಿಟ್ಟು ಊರಿದ ಹಾಗೆ, ಎರಡು ಚುಕ್ಕೆಗಳ ನಡುವೆ ಮುಟ್ಟದ ಚರ್ಮ ಉಳಿದಿರುತ್ತದೆ. ಆ ಉಳಿದ ಚರ್ಮದಿಂದಲೇ ಹೊಸ ಜೀವಕೋಶಗಳು ಸರಿದು ಬಂದು ಗಾಯವನ್ನು ಬೇಗ ಮುಚ್ಚುತ್ತವೆ. ಎರ್ಬಿಯಂ ಯಾಗ್ ಎಂಬ ಇನ್ನೊಂದು ಲೇಸರ್ 2,940 ನ್ಯಾನೋಮೀಟರಿನದು. ನೀರು ಅದನ್ನು ಇನ್ನೂ ಹೆಚ್ಚು ಹೀರುವುದರಿಂದ ಅಕ್ಕಪಕ್ಕಕ್ಕೆ ಹಬ್ಬುವ ಕಾವು ಕಡಿಮೆ. ಮೇಲ್ಪದರವನ್ನು ಆವಿಯಾಗಿಸದೆ ಒಳಚರ್ಮವನ್ನಷ್ಟೇ ಕಾಯಿಸುವ 1,550 ನ್ಯಾನೋಮೀಟರಿನ ಲೇಸರ್‌ಗಳೂ ಇವೆ. ಅವುಗಳಲ್ಲಿ ವಿಶ್ರಾಂತಿಯ ದಿನಗಳು ಕಡಿಮೆ, ಸಿಟ್ಟಿಂಗ್‌ಗಳು, ಅಂದರೆ ಚಿಕಿತ್ಸೆಯ ಸರದಿಗಳು, ಹೆಚ್ಚು.

ಈಗ ಬಣ್ಣದ ವಿಷಯ. 1975ರಲ್ಲಿ ಫಿಟ್ಸ್‌ಪ್ಯಾಟ್ರಿಕ್ ಎಂಬ ವೈದ್ಯರು, ಬಿಸಿಲಿಗೆ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂಬುದರ ಮೇಲೆ ಚರ್ಮವನ್ನು ವಿಂಗಡಿಸುವ ಕ್ರಮವನ್ನು ತಂದರು. ಮುಂದೆ ಆರು ವಿಧಗಳಾದ ಆ ಪಟ್ಟಿಯಲ್ಲಿ ನಮ್ಮ ಭಾಗದ ಹೆಚ್ಚಿನವರು ನಾಲ್ಕು ಅಥವಾ ಐದನೆಯ ವಿಧಕ್ಕೆ ಸೇರುತ್ತಾರೆ. ನಮ್ಮ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಜೀವಕೋಶಗಳು ಬಹಳ ಚುರುಕಾಗಿರುತ್ತವೆ. ಮೊಡವೆ, ಸುಟ್ಟ ಗಾಯ, ಉಜ್ಜಿದ ಗಾಯ, ಯಾವುದೇ ಉರಿಯೂತವಾಗಲಿ, ಅವು ಬಣ್ಣ ಸುರಿದು ಉತ್ತರ ಕೊಡುತ್ತವೆ. ಲೇಸರೂ ಒಂದು ಉರಿಯೂತವೇ. ಅದು ಬಣ್ಣವನ್ನು ಗುರಿ ಮಾಡದಿದ್ದರೂ ಅದರ ಕಾವು ಈ ಜೀವಕೋಶಗಳನ್ನು ಕೆರಳಿಸುತ್ತದೆ. ಚಿಕಿತ್ಸೆಯಾದ ಕೆಲವು ವಾರಗಳ ನಂತರ, ಎಲ್ಲ ಸರಿಹೋಯಿತೆನ್ನುವ ಹೊತ್ತಿಗೆ ಮುಖ ಕಪ್ಪಾಗುವುದು ಇದೇ ಕಾರಣದಿಂದ. ಬಹುತೇಕ ಪ್ರಸಂಗಗಳಲ್ಲಿ ಅದು ತಿಂಗಳುಗಳಲ್ಲಿ ತಿಳಿಯಾಗುತ್ತದೆ, ಕಾಯಂ ಅಲ್ಲ. ಆದರೆ ನಿಮ್ಮ ಲೆಕ್ಕವನ್ನು ನೀವೇ ಹಾಕಿ ನೋಡಿ. ಶ್ರಾವಣದಲ್ಲಿ ಮೊದಲ ಸಿಟ್ಟಿಂಗ್ ಆದರೆ, ಆರು ವಾರಗಳ ಅಂತರದಲ್ಲಿ ಮೂರನೆಯದು ದೀಪಾವಳಿಯ ಆಸುಪಾಸಿಗೆ ಬರುತ್ತದೆ. ಮದುವೆ ಅದರ ಮುಂದಿನ ಐದಾರು ವಾರಗಳಲ್ಲೇ ಇದ್ದರೆ, ಕಪ್ಪಾಗುವ ಸಂಭವ ಹೆಚ್ಚಿರುವ ಕಾಲದಲ್ಲೇ ನೀವು ಹಸೆಮಣೆ ಏರುತ್ತೀರಿ, ಕೊಲಾಜೆನ್ ಕಟ್ಟುವ ಕೆಲಸವಂತೂ ಅರ್ಧಕ್ಕೂ ಬಂದಿರುವುದಿಲ್ಲ.

ಇನ್ನು ನಿಮ್ಮ ಮುಖದಲ್ಲಿರುವುದು ಒಂದೇ ತೊಂದರೆಯಲ್ಲ. ಕಂದು ಕಲೆಗಳು ಬೇರೆ, ತಗ್ಗುಗಳು ಬೇರೆ. ಕನ್ನಡಿಯ ಮುಂದೆ ನಿಂತು ದೀಪವನ್ನು ಪಕ್ಕದಿಂದ ಹಿಡಿದಾಗ ನೆರಳು ಬೀಳುವುದು ತಗ್ಗಿನಲ್ಲಿ ಮಾತ್ರ, ಕಲೆಗೆ ನೆರಳಿಲ್ಲ. ಚಪ್ಪಟೆ ಕಲೆಗಳಿಗೆ ಚರ್ಮವನ್ನು ಕೆತ್ತುವ ಲೇಸರ್ ಬೇಕಿಲ್ಲ. ಮೊಡವೆ ನಿಂತು, ಸನ್‌ಸ್ಕ್ರೀನ್ ತಪ್ಪದೆ ಹಚ್ಚಿ, ವೈದ್ಯರು ಹೇಳಿದ ಅಜೆಲೇಯಿಕ್ ಆಮ್ಲದಂಥ ಮುಲಾಮು ಬಳಸಿದರೆ ಅವು ಬಹಳಷ್ಟು ಮಾಸುತ್ತವೆ. ತಗ್ಗುಗಳಲ್ಲಿಯೂ ಮೂರು ಬಗೆ. ಸೂಜಿಯಿಂದ ಚುಚ್ಚಿದಂತೆ ಕಿರಿದಾಗಿ ಆಳಕ್ಕಿಳಿದವುಗಳಿಗೆ ಲೇಸರ್ ತಳಮಟ್ಟ ಮುಟ್ಟುವುದಿಲ್ಲ. ಒಂದೊಂದಕ್ಕೂ ಟ್ರೈಕ್ಲೋರೋ ಅಸಿಟಿಕ್ ಆಮ್ಲದ ಹನಿ ಮುಟ್ಟಿಸುವ ಅಥವಾ ಆ ಭಾಗವನ್ನೇ ಕತ್ತರಿಸಿ ತೆಗೆಯುವ ವಿಧಾನ ಒಳ್ಳೆಯದು. ಅಲೆಯಂತೆ ಅಗಲವಾಗಿರುವವುಗಳನ್ನು ಕೆಳಗಿನಿಂದ ನಾರುಗಳು ಹಿಡಿದೆಳೆದಿರುತ್ತವೆ, ಆ ನಾರುಗಳನ್ನು ಸೂಜಿಯಿಂದ ಬಿಡಿಸುವ ಸಬ್‌ಸಿಷನ್ ಮಾಡದೆ ಮೇಲಿನಿಂದ ಎಷ್ಟು ಲೇಸರ್ ಬಿಟ್ಟರೂ ಪ್ರಯೋಜನ ಕಡಿಮೆ. ಅಂಚು ಸ್ಪಷ್ಟವಾಗಿ ಎದ್ದಿರುವ, ಹೆಚ್ಚು ಆಳವಿಲ್ಲದ ತಗ್ಗುಗಳಿಗೆ ಫ್ರಾಕ್ಷನಲ್ ಲೇಸರ್ ಚೆನ್ನಾಗಿ ಒಗ್ಗುತ್ತದೆ. ಆ ಕೇಂದ್ರದವರು ನಿಮ್ಮ ತಗ್ಗುಗಳು ಯಾವ ಬಗೆಯವು ಎಂಬುದನ್ನು ಹೇಳದೆಯೇ ಸಿಟ್ಟಿಂಗ್‌ಗಳ ಸಂಖ್ಯೆ ಹೇಳಿದ್ದಾರೆ ಎಂಬುದು ನನಗೆ ಸರಿಕಾಣಲಿಲ್ಲ. ಬಣ್ಣ ತಿಳಿಯಾಗುತ್ತದೆ ಎಂಬ ಭರವಸೆ ಅದಕ್ಕಿಂತಲೂ ಸರಿಯಲ್ಲ. ಈ ಚಿಕಿತ್ಸೆಯ ಉದ್ದೇಶ ಅದಲ್ಲವೇ ಅಲ್ಲ, ಮತ್ತು ನಿಮ್ಮ ಬಣ್ಣಕ್ಕೆ ಚಿಕಿತ್ಸೆಯ ಅಗತ್ಯವೂ ಇಲ್ಲ.

ನನ್ನ ಸಲಹೆಯೆಂದರೆ, ಮದುವೆಯವರೆಗಿನ ಕಾಲವನ್ನು ಮೊಡವೆ ನಿಲ್ಲಿಸಲು ಮತ್ತು ಕಲೆ ಮಾಸಿಸಲು ಬಳಸಿಕೊಳ್ಳಿ. ತಗ್ಗುಗಳ ಚಿಕಿತ್ಸೆಯನ್ನು ಮದುವೆಯಾದ ಮೇಲೆ ಬಿಡುವಾಗಿ ಆರಂಭಿಸಿ. ಸಮಾರಂಭಕ್ಕೂ ಕೊನೆಯ ಲೇಸರಿಗೂ ನಡುವೆ ಕನಿಷ್ಠ ಮೂರು ತಿಂಗಳಾದರೂ ಇರಬೇಕೆಂಬುದು ನಾನು ಪಾಲಿಸುವ ನಿಯಮ.

ಟಿಳಕವಾಡಿಯಿಂದ, ಬೆಳಗಾವಿ

ವೈದ್ಯರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಾನು ಬ್ಯಾಂಕ್ ನೌಕರ. ಕೆನ್ನೆ ಮತ್ತು ಕಪಾಳದ ತಗ್ಗುಗಳಿಗೆ ಬೆಳಗಾವಿಯಲ್ಲಿಯೇ ಚರ್ಮರೋಗ ತಜ್ಞರೊಬ್ಬರಲ್ಲಿ ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿಸಿಕೊಂಡಿದ್ದೇನೆ. ಅವರು ಮೊದಲ ಭೇಟಿಯಲ್ಲಿ ಲೇಸರ್ ಮುಟ್ಟಲೇ ಇಲ್ಲ. ಕಿವಿಯ ಮುಂಭಾಗದ ಸಣ್ಣ ಜಾಗದಲ್ಲಿ ಪರೀಕ್ಷೆಗಾಗಿ ಒಂದಿಷ್ಟು ಚುಕ್ಕೆಗಳನ್ನು ಹಾಕಿದ್ದು ಎರಡನೆಯ ಭೇಟಿಯಲ್ಲಿ. ಆ ಜಾಗ ಕಪ್ಪಾಗುತ್ತದೆಯೇ ಎಂದು ಕೆಲವು ವಾರ ಕಾದು ನೋಡಿದ ಮೇಲೆಯೇ ಮುಖಕ್ಕೆ ಕೈಹಾಕಿದರು. ತುಟಿಯ ಮೇಲೆ ಜ್ವರಗುಳ್ಳೆ ಏಳುವ ಅಭ್ಯಾಸವಿದೆಯೇ ಎಂದು ಕೇಳಿ, ಇದೆ ಎಂದಾಗ, ಲೇಸರಿನ ನಂತರ ಆ ಗುಳ್ಳೆ ತರುವ ವೈರಸ್ ಮುಖವೆಲ್ಲ ಹಬ್ಬಬಾರದೆಂದು ಮುಂಚಿತವಾಗಿಯೇ ಮಾತ್ರೆ ಆರಂಭಿಸಿದರು.

ಚಿಕಿತ್ಸೆಯ ದಿನ ಜೋಮು ಹಿಡಿಸುವ ಕ್ರೀಮನ್ನು ದಪ್ಪಗೆ ಹಚ್ಚಿ ಸುಮಾರು ಒಂದು ಗಂಟೆ ಕೂರಿಸುತ್ತಾರೆ, ಕಣ್ಣಿಗೆ ರಕ್ಷಾಕವಚ ಹಾಕುತ್ತಾರೆ. ಲೇಸರ್ ಓಡುವಾಗ ಸಣ್ಣ ಸಣ್ಣ ಕಿಡಿ ಸಿಡಿದಂಥ ಉರಿ, ಕೂದಲು ಸುಟ್ಟಂಥ ವಾಸನೆ ಇರುತ್ತದೆ, ತಡೆದುಕೊಳ್ಳಬಹುದು. ಅಂದು ರಾತ್ರಿ ಉರಿಯೂ ಮರುದಿನ ಬಾವೂ ಹೆಚ್ಚು. ನಂತರ ಕಂದು ಬಣ್ಣದ ಚುಕ್ಕೆಗಳ ಜಾಲರಿ ಮುಖದ ಮೇಲೆ ಕಾಣಿಸಿಕೊಂಡು, ವಾರದೊಳಗೆ ತಾನಾಗಿ ಉದುರುತ್ತದೆ. ಅದನ್ನು ಉಗುರಿನಿಂದ ಕೆರೆಯಬಾರದೆಂದು ಪದೇ ಪದೇ ಹೇಳಿದ್ದರು. ಉದುರಿದ ಮೇಲೆ ಗುಲಾಬಿ ಬಣ್ಣದ ಚರ್ಮ ಕಂಡು ಮನೆಯವರೆಲ್ಲ ಸಂತೋಷಪಟ್ಟರು. ಅದಾದ ಕೆಲವು ವಾರಗಳಿಗೆ, ವೈದ್ಯರು ಮೊದಲೇ ಎಚ್ಚರಿಸಿದ್ದಂತೆ, ಕೆನ್ನೆ ಕಪ್ಪಿಟ್ಟಿತು. ಟೊಪ್ಪಿಗೆ, ಸನ್‌ಸ್ಕ್ರೀನ್ ಯಾವುದನ್ನೂ ತಪ್ಪಿಸಿರಲಿಲ್ಲ, ಆದರೂ ಆಯಿತು. ಅದು ಪೂರ್ತಿ ತಿಳಿಯಾಗಲು ತಿಂಗಳುಗಳೇ ಹಿಡಿದವು, ಅಲ್ಲಿಯವರೆಗೆ ಮುಂದಿನ ಸಿಟ್ಟಿಂಗ್ ಮಾಡಲು ವೈದ್ಯರು ಒಪ್ಪಲಿಲ್ಲ. ಎಲ್ಲ ಮುಗಿದ ಮೇಲೆ ತಗ್ಗುಗಳ ಆಳ ಅರ್ಧದಷ್ಟು ಕಡಿಮೆಯಾಗಿದೆ ಎನ್ನಬಹುದು. ಹತ್ತಿರದಿಂದ ನೋಡಿದರೆ ಈಗಲೂ ಕಾಣುತ್ತವೆ. ನನಗೆ ತೃಪ್ತಿಯಿದೆ, ಏಕೆಂದರೆ ಮಾಡಿಸುವ ಮೊದಲೇ ಅಷ್ಟನ್ನೇ ನಿರೀಕ್ಷಿಸಲು ನನಗೆ ಹೇಳಿದ್ದರು. ಮುಖ ಸಪಾಟಾಗುತ್ತದೆ ಎಂದು ನಿಮಗೆ ಹೇಳಿದವರು ಆ ಮಾತನ್ನು ಬರೆದುಕೊಡುತ್ತಾರೆಯೇ ಎಂದು ಕೇಳಿ.

ಔಷಧ ಅಂಗಡಿ, ಜಮಖಂಡಿ

ಅಕ್ಕಾವರೇ, ಮದುವೆ ಹತ್ತಿರ ಬಂದಾಗ ಹೆಣ್ಣುಮಕ್ಕಳು ನಮ್ಮ ಅಂಗಡಿಗೆ ಬಂದು ಬೆಳ್ಳಗಾಗುವ ಕ್ರೀಮ್ ಕೇಳುವುದನ್ನು ಪ್ರತಿ ವರ್ಷವೂ ನೋಡುತ್ತೇನೆ. ಪಕ್ಕದ ಮನೆಯವರ ಖಾಲಿ ಟ್ಯೂಬನ್ನೇ ಹಿಡಿದು ಬರುತ್ತಾರೆ. ಅವುಗಳಲ್ಲಿ ಅನೇಕವು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಮೂರನ್ನೂ ಸೇರಿಸಿದ ಮುಲಾಮುಗಳು, ಕೆಲವೊಮ್ಮೆ ಬರೀ ಬೀಟಾಮೆಥಸೋನ್ ಅಥವಾ ಕ್ಲೋಬೆಟಸೋಲ್ ಎಂಬ ಸ್ಟೀರಾಯ್ಡ್‌ಗಳು. ಮೊದಲ ವಾರಗಳಲ್ಲಿ ಮುಖ ಹೊಳೆಯುವುದು ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಕೆಂಪಾಗಿ ಕಾಣತೊಡಗುತ್ತವೆ, ಮೊಡವೆಗಳು ಏಳುತ್ತವೆ, ಕೂದಲು ಬೆಳೆಯುತ್ತದೆ, ಹಚ್ಚುವುದನ್ನು ಬಿಟ್ಟ ಕೂಡಲೇ ಮುಖ ಉರಿದು ಕೆಂಪಾಗುತ್ತದೆ. ಸರ್ಕಾರ 2018ರಲ್ಲಿ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ನಾನು ಚೀಟಿ ಕೇಳಿದರೆ ಮುನಿಸಿಕೊಂಡು ಹೋಗುವವರೂ ಇದ್ದಾರೆ, ಅದಕ್ಕೆ ನನಗೆ ಬೇಸರವಿಲ್ಲ. ಹೀಗೆ ತೆಳುವಾದ ಚರ್ಮದ ಮೇಲೆ ಲೇಸರ್ ಬಿಡುವುದು ಎಷ್ಟು ಅಪಾಯವೆಂಬುದನ್ನು ಡಾಕ್ಟರ್ ಮೇಡಂ ಅವರೇ ಹೇಳಲಿ. ನೀವು ಅಂಥ ಏನನ್ನಾದರೂ ಹಚ್ಚುತ್ತಿದ್ದರೆ ತಜ್ಞರ ಮುಂದೆ ಮುಚ್ಚಿಡಬೇಡಿ.

ನವನಗರದ ಶಿಕ್ಷಕಿ, ಬಾಗಲಕೋಟೆ

ಮೂವರಿಗೂ ಕೃತಜ್ಞಳಾಗಿದ್ದೇನೆ. ಮುಂಗಡ ಕಟ್ಟುವುದಿಲ್ಲವೆಂದು ಆ ಕೇಂದ್ರಕ್ಕೆ ತಿಳಿಸಿದ್ದೇನೆ. ಇನ್ನೂ ಕೆಲವು ಸಂದೇಹಗಳಿವೆ. ಹಿಂದೆ ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತೆಗೆದುಕೊಂಡಿದ್ದೆ, ಅದರಿಂದ ಲೇಸರಿಗೆ ಅಡ್ಡಿಯಿದೆಯೇ? ಮದುವೆಯ ನಂತರ ಚಿಕಿತ್ಸೆ ಆರಂಭಿಸಿದಾಗ ಅಡುಗೆಮನೆ, ಬಿಸಿಲು, ಹಬ್ಬಗಳಲ್ಲಿ ಹಚ್ಚುವ ಅರಿಷಿಣ ಇವನ್ನೆಲ್ಲ ಹೇಗೆ ನಿಭಾಯಿಸಬೇಕು? ನನ್ನ ತಾಯಿಯವರ ಕೆನ್ನೆಯ ಮೇಲೆ ಬಹಳ ವರ್ಷಗಳಿಂದ ಬಂಗು ಇದೆ, ಅವರಿಗೂ ಇದೇ ಲೇಸರ್ ಆಗುತ್ತದೆಯೇ? ಕೊನೆಯದಾಗಿ, ಯಾರಲ್ಲಿ ಮಾಡಿಸಿಕೊಳ್ಳುವುದು ಸುರಕ್ಷಿತವೆಂದು ಗುರುತಿಸುವುದು ಹೇಗೆ?

ಚರ್ಮವೈದ್ಯೆ, ವಿಜಯಪುರ

ಔಷಧ ಅಂಗಡಿಯ ಅಣ್ಣನವರು ಎತ್ತಿದ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಲೇಸರಿನಿಂದ ಮುಖ ಕೆಟ್ಟಿತೆಂದು ನನ್ನ ಬಳಿಗೆ ಬರುವ ಎಷ್ಟೋ ಜನರ ಮುಖ ಅದಕ್ಕೂ ಮೊದಲೇ ಸ್ಟೀರಾಯ್ಡ್ ಮುಲಾಮಿನಿಂದ ಕೆಟ್ಟಿರುತ್ತದೆ. ಅಂಥ ಚರ್ಮ ನಿಧಾನವಾಗಿ ಮಾಯುತ್ತದೆ, ಸೋಂಕಿಗೆ ಬೇಗ ತುತ್ತಾಗುತ್ತದೆ. ಬಹಳ ಕಾಲ ಹಚ್ಚಿದವರು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಮಾರ್ಗದರ್ಶನದಲ್ಲಿ ಇಳಿಸುತ್ತಾ ಬಂದು, ಚರ್ಮ ಸುಧಾರಿಸಿದ ಮೇಲೆಯೇ ಮುಂದಿನ ಮಾತು.

ಐಸೋಟ್ರೆಟಿನಾಯಿನ್ ನಿಲ್ಲಿಸಿ ಆರು ತಿಂಗಳಾಗುವವರೆಗೆ ಯಾವ ಲೇಸರೂ ಬೇಡವೆಂದು ಹಿಂದೆ ಹೇಳುತ್ತಿದ್ದರು. 2017ರಲ್ಲಿ ಅಮೆರಿಕದ ತಜ್ಞರು ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಫ್ರಾಕ್ಷನಲ್ ಲೇಸರಿಗೆ ಅಷ್ಟು ಕಾಯಬೇಕೆನ್ನಲು ಸಾಕಷ್ಟು ಆಧಾರವಿಲ್ಲವೆಂದೂ, ಮೇಲ್ಪದರವನ್ನು ಪೂರ್ತಿ ತೆಗೆಯುವ ಹಳೆಯ ವಿಧಾನಕ್ಕೆ ಮಾತ್ರ ಎಚ್ಚರಿಕೆ ಮುಂದುವರಿಯಬೇಕೆಂದೂ ಅಭಿಪ್ರಾಯಪಟ್ಟರು. ನೀವು ಹಿಂದೆ ತೆಗೆದುಕೊಂಡದ್ದು ಅಡ್ಡಿಯಾಗುವುದಿಲ್ಲ. ಆದರೆ ಈಗ ಏಳುತ್ತಿರುವ ಮೊಡವೆಗೆ ಯಾರಾದರೂ ಮತ್ತೆ ಅದೇ ಮಾತ್ರೆ ಬರೆದರೆ, ಮಾರ್ಗಶಿರದಲ್ಲಿ ಮದುವೆ ಇದೆಯೆಂದು ಮರೆಯದೆ ಹೇಳಿ. ಈ ಮಾತ್ರೆ ನುಂಗುವಾಗಲೂ, ನಿಲ್ಲಿಸಿದ ನಂತರದ ಒಂದು ತಿಂಗಳೂ ಗರ್ಭ ಧರಿಸಬಾರದು, ಮಗುವಿನಲ್ಲಿ ತೀವ್ರ ಅಂಗದೋಷಗಳು ಉಂಟಾಗಬಹುದು. ಇದನ್ನು ಹೇಳಲು ಸಂಕೋಚಪಡುವ ವೈದ್ಯರನ್ನೂ, ಕೇಳಲು ಸಂಕೋಚಪಡುವ ವಧುಗಳನ್ನೂ ನೋಡಿದ್ದೇನೆ. ಇಬ್ಬರೂ ಸಂಕೋಚ ಬಿಡಬೇಕು. ಗರ್ಭಿಣಿಯರಿಗೆ ಈ ಲೇಸರನ್ನು ನಾವು ಮಾಡುವುದಿಲ್ಲ ಎಂಬುದೂ ನಿಮ್ಮ ಯೋಜನೆಯಲ್ಲಿರಲಿ.

ಲೇಸರ್ ಮಾಡಿಸಿದ ಮೊದಲ ವಾರ ಚರ್ಮದ ಮೇಲೆ ವ್ಯಾಸಲಿನ್‌ನಂಥ ಸಾದಾ ಮುಲಾಮಿನ ಹೊರತು ಏನನ್ನೂ ಹಚ್ಚಬಾರದು. ಅರಿಷಿಣ, ಕಡಲೆಹಿಟ್ಟು, ಲಿಂಬೆರಸ, ಬ್ಲೀಚ್, ಫೇಶಿಯಲ್ ಯಾವುದೂ ಬೇಡ. ಅರಿಷಿಣ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ, ಆದರೆ ಹಸಿ ಚರ್ಮದ ಮೇಲೆ ಅದು ಕೆಲವರಿಗೆ ಅಲರ್ಜಿ ತಂದು ಕಪ್ಪಿಡಿಸುತ್ತದೆ. ನಿಮ್ಮ ಮದುವೆಯ ಅರಿಷಿಣ ಶಾಸ್ತ್ರಕ್ಕೆ ತೀರ ಹತ್ತಿರದಲ್ಲಿ ಲೇಸರ್ ಬೇಡವೆಂದದ್ದಕ್ಕೆ ಇದೂ ಒಂದು ಕಾರಣ. ಒಲೆಯ ಮುಂದೆ ನಿಂತು ಜೋಳದ ರೊಟ್ಟಿ ಬೇಯಿಸುವ ಕೆಲಸವನ್ನು ಆ ವಾರ ಮನೆಯ ಬೇರೆಯವರು ಮಾಡಲಿ, ಕಾವು ಬಾವನ್ನೂ ಕೆಂಪನ್ನೂ ಹೆಚ್ಚಿಸುತ್ತದೆ. ಹೊಸ ಮನೆಯಲ್ಲಿ ಇದನ್ನು ಕೇಳುವುದು ಕಷ್ಟವಾದರೆ, ದಸರಾ ರಜೆಯಂಥ ಬಿಡುವಿನಲ್ಲಿ ತವರಿನಲ್ಲಿದ್ದುಕೊಂಡು ಮಾಡಿಸಿಕೊಳ್ಳಿ. ಬೇಸಿಗೆಯ ರಜೆ ಉದ್ದವಾಗಿದ್ದರೂ ನಮ್ಮ ಜಿಲ್ಲೆಗಳಲ್ಲಿ 40 ಡಿಗ್ರಿ ದಾಟುವ ಆ ದಿನಗಳನ್ನು ನಾನು ಆರಿಸುವುದಿಲ್ಲ.

ಸಿಪ್ಪೆ ಉದುರಿದ ಮೇಲೆ ಸತುವಿನ ಆಕ್ಸೈಡ್ ಇರುವ, ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಆರಂಭಿಸಬೇಕು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಪ್ರಮಾಣ ಮುಖ ಮತ್ತು ಕುತ್ತಿಗೆಗೆ ಬೇಕು, ಹೊರಗಿದ್ದಾಗ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹೆಚ್ಚಿನವರು ಇದರ ಕಾಲು ಭಾಗವನ್ನೂ ಹಚ್ಚದೆ, ಸನ್‌ಸ್ಕ್ರೀನ್ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಸ್ಕೂಟರಿನಲ್ಲಿ ಹೋಗುವಾಗ ದುಪಟ್ಟಾ ಸುತ್ತಿ ಹೆಲ್ಮೆಟ್‌ನ ಗಾಜು ಇಳಿಸಿದರೆ ಇನ್ನೂ ಒಳ್ಳೆಯದು. ಮೋಡವಿದ್ದ ದಿನವೂ ಬಿಡುವಂತಿಲ್ಲ, ಅತಿನೇರಳೆ ಕಿರಣ ಮೋಡವನ್ನು ದಾಟಿ ಬರುತ್ತದೆ.

ತಾಯಿಯವರ ಬಂಗಿಗೆ ಈ ಲೇಸರ್ ಬೇಡ. ಬಂಗು ಗಾಯದ ಗುರುತಲ್ಲ, ಬಿಸಿಲು, ಕಾವು, ಹಾರ್ಮೋನು, ಮನೆತನದ ಗುಣ ಇವೆಲ್ಲ ಸೇರಿ ಬರುವ ದೀರ್ಘಕಾಲದ ತೊಂದರೆ. ಚರ್ಮವನ್ನು ಕಾಯಿಸಿದರೆ ಮೊದಲು ಮಾಸಿದಂತೆ ಕಂಡು, ನಂತರ ಮೊದಲಿಗಿಂತ ಗಾಢವಾಗಿ ಮರಳುವುದು ಸಾಮಾನ್ಯ. ಅವರಿಗೆ ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಮತ್ತು ವೈದ್ಯರ ನಿಗಾದಲ್ಲಿ ಹಚ್ಚುವ ಮುಲಾಮುಗಳು ಸರಿಯಾದ ದಾರಿ.

ಯಾರಲ್ಲಿ ಎಂಬ ಪ್ರಶ್ನೆಗೆ ಹೆಸರು ಹೇಳಲಾರೆ, ಗುರುತು ಹೇಳುತ್ತೇನೆ. ಚರ್ಮರೋಗ ವಿಷಯದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಪಡೆದು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರಾಗಿರಬೇಕು. ಬಾಗಿಲಲ್ಲಿ ವೈದ್ಯರ ಹೆಸರಿದ್ದು ಒಳಗೆ ಲೇಸರಿನ ಹಿಡಿಕೆ ಹಿಡಿಯುವವರು ಬೇರೆಯಾಗಿರುವುದೂ ಉಂಟು, ಆದ್ದರಿಂದ ಯಾರು ಮಾಡುತ್ತಾರೆಂದು ನೇರವಾಗಿ ಕೇಳಿ. ಖಾಸಗಿ ಕ್ಲಿನಿಕ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಹೊಂದಿರಲೇಬೇಕು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಲಿ, ಒಂದೇ ಬೆಳಕಿನಲ್ಲಿ ಮೊದಲಿನ ಮತ್ತು ನಂತರದ ಫೋಟೋ ತೆಗೆದಿಡಲಿ. ನಮ್ಮಂಥ ಚರ್ಮಕ್ಕೆ ಚುಕ್ಕೆಗಳ ಸಾಂದ್ರತೆಯನ್ನು ಕಡಿಮೆ ಇಟ್ಟು, ಸಿಟ್ಟಿಂಗ್‌ಗಳ ನಡುವೆ ಹೆಚ್ಚು ಅಂತರ ಬಿಡುತ್ತಾರೆಯೇ ಎಂದೂ ಕೇಳಬಹುದು. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಎಚ್‌ಎಸ್‌ಕೆ ಆಸ್ಪತ್ರೆ ನಿಮ್ಮ ಊರಿನಲ್ಲೇ ಇದೆ. ವಿಜಯಪುರದ ಬಿ.ಎಲ್.ಡಿ.ಇ., ಬೆಳಗಾವಿಯ ಕೆ.ಎಲ್.ಇ. ಮತ್ತು ಬಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಗಳಲ್ಲಿಯೂ ಚರ್ಮರೋಗ ವಿಭಾಗಗಳಿವೆ. ಯಾವ ಲೇಸರ್ ಎಲ್ಲಿ ಲಭ್ಯವೆಂಬುದನ್ನು ಆಮೇಲೆ ವಿಚಾರಿಸಿದರಾಯಿತು, ಮೊದಲು ತಗ್ಗುಗಳ ಬಗೆ ಗೊತ್ತಾಗಲಿ. ತೋರಿಸಲು ಹೋಗುವಾಗ ಮೇಕಪ್ ಇಲ್ಲದೆ ಹೋಗಿ, ಈವರೆಗೆ ಹಚ್ಚಿದ ಎಲ್ಲ ಮುಲಾಮುಗಳ ಟ್ಯೂಬುಗಳನ್ನೂ ಹಳೆಯ ಚೀಟಿಗಳನ್ನೂ ಜೊತೆಗೆ ಒಯ್ಯಿರಿ, ತಾಯಿಯವರದ್ದನ್ನೂ ಕೂಡ.